ಅಣ್ಣನಿಗೆ ಕೇಳಿಸಿದ ಕೂಗು

ಏಜೆಂಟನ ಆಫೀಸಿನ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದ್ದರು. ಚಕ್ರದ ಪೆಟ್ಟಿಗೆ ಎಳೆದುಕೊಂಡು ಹಲ್ಲು ಕಿರಿಯುತ್ತಿರುವ ಗಂಡ ಹೆಂಡತಿ, ಅವರ ತಲೆಯ ಮೇಲೊಂದು ವಿಮಾನ, ಕೆಳಗೆ ದಪ್ಪ ಅಕ್ಷರದಲ್ಲಿ: ‘ಹೊರದೇಶದಲ್ಲಿ ಆರಾಮಾಗಿ ಓಡಾಡಲು ನೀವು ಯಾವ ಭಾಷೆ ಕಲಿಯುತ್ತೀರಿ?’

ಕೆಂಡ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ‘ಆರಾಮ’ಕ್ಕೆ ಬಂದಾಗ ಅವನ ಹಲ್ಲು ತಾವಾಗಿಯೇ ಕಟಕಟ ಅಂದವು.

ಕೆಂಡ ಅಂತ ಅವನಿಗೆ ಹೆತ್ತವರು ಇಟ್ಟದ್ದಲ್ಲ. ಅವನು ಕಟ್ಟಡಗಳಿಗೆ ಸಾರವೆ ಕಟ್ಟುವವನು. ಗೋಡೆ ಏಳುವ ಮುಂಚೆ ಗೋಡೆಯ ಸುತ್ತ ಕಬ್ಬಿಣದ ಪೈಪುಗಳ ಅಟ್ಟಣಿಗೆ ಏಳಬೇಕಲ್ಲ, ಆ ಕೆಲಸ. ಆ ಗ್ಯಾಂಗಿನವರು ಇಟ್ಟ ಹೆಸರು ಇದು. ಏಳನೆಯ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತು ಕಿಟಕಿಯಾಚೆ ಎಸೆದು ಹೊರಟವನು, ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಅಂತ ಎಲ್ಲರೂ ಅನ್ನುತ್ತಿದ್ದರು. ಅದು ಸಿಟ್ಟಲ್ಲ, ಹೆದರಿಕೆ ಅನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಹೆದರಿಕೆಗೆ ಅಂಗಿ ಚಡ್ಡಿ ತೊಡಿಸಿ ಸಿಟ್ಟು ಅಂತ ಹೆಸರಿಟ್ಟು ಬೀದಿಗೆ ಬಿಡುತ್ತಿದ್ದ, ಅಷ್ಟೆ.

“ಎರಡಿದೆ,” ಅಂದಳು ಮೇಜಿನ ಹಿಂದೆ ಕೂತಿದ್ದ ಮೇಡಂ. “ಒಂದು ನೀವು ಕೆಲಸಕ್ಕೆ ಹೋಗೋ ದೇಶದ ಭಾಷೆ. ಇನ್ನೊಂದು ವಿಮಾನ, ಹೋಟ್ಲು, ಆಫೀಸು ಎಲ್ಲಾ ಕಡೆ ನಡೆಯೋ ಭಾಷೆ. ಯಾವ್ದಾದ್ರೂ ಒಂದು ಆರಿಸ್ಕೊಳಿ. ಸಂಜೆ ಕ್ಲಾಸು, ಕಂಪನಿ ಖರ್ಚು.”

ಕೆಂಡನ ಭಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಅಕ್ಕನ ಗಂಡ, ಅದೇ ಗ್ಯಾಂಗಿನವನು, ಸತ್ತವರ ಮನೆಯಲ್ಲೂ ಒಂದು ತಮಾಷೆ ಹುಡುಕುವ ಆಸಾಮಿ. “ನಂಗೆ ವಿಮಾನದ್ದೇ ಇರ್ಲಿ ಮೇಡಂ. ಕಿಟಕಿ ಪಕ್ಕದ ಸೀಟು ಕೊಡ್ರಪ್ಪ ಅನ್ನೋದನ್ನ ಮೊದ್ಲು ಕಲಿಸ್ಬಿಡಿ. ಮಿಕ್ಕಿದ್ದು ಕೈಸನ್ನೇಲಿ ನೋಡ್ಕೋತೀನಿ.”

ಮೇಡಂ ನಕ್ಕಳು. ಕೆಂಡ ನಗಲಿಲ್ಲ.

“ಮೇಲಿಂದ ಪೈಪು ಬೀಳ್ತಿದ್ರೆ ಅಲ್ಲಿ ಯಾವ ಭಾಷೇಲಿ ಕೂಗ್ತಾರೆ?” ಅಂತ ಕೇಳಿದ.

“ಅದೆಲ್ಲಾ ಕ್ಲಾಸಲ್ಲಿ ಬರಲ್ಲಪ್ಪ. ಅಲ್ಲಿ ಸೇಫ್ಟಿ ತುಂಬಾ ಚೆನ್ನಾಗಿದೆ.”

“ಹೌದಾ? ನಮ್ಮಣ್ಣನ ಮುಂದೆ ಬಂದು ಒಂದ್ಸಲ ಹೇಳಿ.”

ಭಾವ ಮೇಜಿನ ಕೆಳಗೇ ಅವನ ಕಾಲು ತುಳಿದ. ಕೆಂಡ ಎದ್ದು ಹೊರಗೆ ಬಂದ. ಮೆಟ್ಟಿಲ ಮೇಲೆ ನೀಲಿ ಮೇಲಂಗಿಯ ನಾಲ್ಕಾರು ಜನ ಸಾಲಾಗಿ ಕೂತು ಟೀ ಕುಡಿಯುತ್ತಿದ್ದರು. ಕಂಪನಿ ಬೇರೆ ಯಾವುದೋ ದೇಶದಿಂದ ಕರೆಸಿಟ್ಟುಕೊಂಡಿದ್ದ ಆಳುಗಳು. ಇಲ್ಲಿ ಗೋದಾಮಿನಲ್ಲಿ ದುಡಿದು, ಆಮೇಲೆ ಅಲ್ಲಿಗೆ ಹೋಗುವವರು. ನಮ್ಮವರು ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಮೂಕರು ಅಂತ ಹೆಸರಿಟ್ಟಿದ್ದರು. ನಮ್ಮ ಕೂಲಿಗೆ ಕುತ್ತು ತರಲು ಬಂದವರು ಅಂತ ಕೆಂಡನೂ ನಂಬಿದ್ದ. ಒಬ್ಬ ಕಾಲು ಸರಿಸಿ ದಾರಿ ಬಿಟ್ಟ. ಕೆಂಡ ಅವನ ಮುಖ ನೋಡದೆ ದಾಟಿಕೊಂಡು ಹೋದ.

ಹೋಗಲೇಬೇಕಾಗಿತ್ತು. ಇಲ್ಲಿನ ಕಟ್ಟಡ ಮುಗಿಯುತ್ತ ಬಂದಿತ್ತು, ಕಂಪನಿಗೆ ಇನ್ನು ಕೆಲಸ ಇದ್ದದ್ದು ಅಲ್ಲೇ. ಭಾವ ಯಾರಿಗೂ ಹೇಳದೆ ಕೇಳದೆ ಸಹಿ ಹಾಕಿ ಬಂದಿದ್ದ. ಅಕ್ಕ ಅವತ್ತು ಅಳಲಿಲ್ಲ, ಕೂಗಾಡಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಇಡೀ ದಿನ ಕಾಲರ್ ಹೊಲಿದು ಬಂದವಳು ಕೆಂಡನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಹೇಳಿದಳು. “ನೀನೂ ಹೋಗೋ. ಅವ್ರು ಕೆಳಗಿದ್ರೆ ನೀನು ಮೇಲಿರು. ಆ ಮನುಷ್ಯಂಗೆ ಯಾರಾದ್ರೂ ಕೂಗಿದ್ರೆ ತಲೆ ಎತ್ತಿ ಹಲ್ಲು ಬಿಟ್ಕೊಂಡು ನೋಡೋ ಚಾಳಿ. ನಮ್ಮಣ್ಣನ ಥರಾನೇ.”

ಅಕ್ಕ ಅಂದ ಆ ‘ಥರಾನೇ’ ಕೇಳಿದ ಮೇಲೆ ಕೆಂಡನೂ ಹೋಗಿ ಸಹಿ ಹಾಕಿದ.

*

ಅಣ್ಣ ಮಲಗುತ್ತಿದ್ದ ಮಂಚ ಹೊರಗಿನ ಕೋಣೆಯಲ್ಲಿ, ಗೋಡೆಗೆ ಒತ್ತಿಕೊಂಡೇ ಇತ್ತು. ಪಕ್ಕದಲ್ಲೊಂದು ಹಲಗೆ, ಹಲಗೆಯ ಮೇಲೆ ಬಿಚ್ಚಿಟ್ಟ ಮಿಕ್ಸಿಗಳು, ವೈರಿನ ತುಂಡು, ಸ್ಕ್ರೂ ತುಂಬಿದ ಡಬ್ಬಿ. ಬೀದಿಯವರೆಲ್ಲ ಸುಟ್ಟುಹೋದ ಮಿಕ್ಸಿ ತಂದು ಅಣ್ಣನ ಮುಂದಿಡುತ್ತಿದ್ದರು. ಸೊಂಟದಿಂದ ಮೇಲೆ ಅಣ್ಣ ಮೊದಲಿನ ಹಾಗೇ ಇದ್ದ. ಸೊಂಟದಿಂದ ಕೆಳಗೆ ಅಲ್ಲಾಡದ ಕಾಲು, ಅದರ ಮೇಲೆ ಅಕ್ಕ ದಿನಾ ಹೊದಿಸುವ ಹೊದಿಕೆ, ಅಷ್ಟೆ.

ಅದೇ ದೇಶ, ಅದೇ ಕಂಪನಿ, ಇನ್ನೊಂದು ಕಟ್ಟಡ. ಅಣ್ಣ ಸಾರವೆಯ ಹಲಗೆಯ ಮೇಲೆ ನಿಂತು ಕ್ಲ್ಯಾಂಪ್ ಬಿಗಿಯುತ್ತಿದ್ದನಂತೆ. ಮೇಲಿಂದ ಯಾರೋ ಒಬ್ಬ ಕೂಗಿದನಂತೆ. ಆಮೇಲೆ ಆಸ್ಪತ್ರೆ. ಇಷ್ಟನ್ನು ಮಾತ್ರ ಅಣ್ಣ ಹೇಳಿದ್ದ. ಅದರಾಚೆಗೆ ಯಾರು ಕೇಳಿದರೂ ಬಾಯಿಗೆ ಬೀಗ. ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಮುಖ ಗೋಡೆಗೆ ತಿರುಗಿಸಿಬಿಡುತ್ತಿದ್ದ.

ಕೆಂಡ ಮಂಚದ ಕಾಲ ಹತ್ತಿರ ನೆಲಕ್ಕೆ ಕೂತ. “ಅಣ್ಣ, ಅವತ್ತು ಕೂಗಿದ್ನಲ್ಲ, ಅವ್ನು ಯಾವ ಭಾಷೆಯವ್ನು?”

“ಆ ಡಬ್ಬಿ ಈ ಕಡೆ ಕೊಡು.”

“ಭಾಷೆ ಆರಿಸ್ಕೋಬೇಕು ಅಣ್ಣ. ಎರಡು ಕೊಟ್ಟಿದಾರೆ. ಅವ್ನು ಕೂಗಿದ್ದು ಯಾವ್ದೋ ಅದನ್ನೇ ಕಲಿತೀನಿ ನಾನು. ಸೀಟು ಕೇಳೋಕೆ ಹೋಗ್ತಿಲ್ಲ ನಾವು.”

“ಡಬ್ಬಿ ಕೊಡೋ ಅಂದ್ನಲ್ಲ!”

“ಕೊಡಲ್ಲ. ಮೊದ್ಲು ಹೇಳು.”

ಅಣ್ಣ ಕೈಗೆ ಸಿಕ್ಕ ಮಿಕ್ಸಿಯ ಮುಚ್ಚಳ ಬೀಸಿ ಒಗೆದ. ಅದು ಕೆಂಡನ ಭುಜಕ್ಕೆ ತಾಗಿ ಬಾಗಿಲವರೆಗೆ ಉರುಳಿಹೋಯಿತು. ಅಡುಗೆಮನೆಯಿಂದ ಅಕ್ಕ ಇಣುಕಿ, ಇಬ್ಬರ ಮುಖ ನೋಡಿ, ಒಳಗೆ ಹೋದಳು. ಕೆಂಡ ಜಾಗ ಬಿಟ್ಟು ಏಳಲಿಲ್ಲ. ಕೊನೆಗೆ ಅಣ್ಣನೇ ಮಾತು ತೆಗೆದ. ಗೋಡೆಗೆ ಹೇಳುವವನ ಹಾಗೆ.

“ಯಾವ ಭಾಷೆಯವ್ನೋ ಗೊತ್ತಿಲ್ಲ ಕಣೋ. ಅಲ್ಲಿ ಎಲ್ಲೆಲ್ಲಿಂದಲೋ ಬಂದೋರು. ಚೆನ್ನಾಗೇ ಕೂಗ್ದ ಅವ್ನು. ಗಂಟೆ ಹೊಡ್ದಂಗೆ ಕೇಳಿಸ್ತು. ಕೇಳಿಸ್ಲಿಲ್ಲ ಅಂತ ನಾನು ಹೇಳೋಂಗಿಲ್ಲ. ಯಾರೋ ತಮಾಷೆ ಮಾಡ್ತಿದಾರೆ ಅಂದ್ಕೊಂಡು ಹೊರಗಡೆ ಬಗ್ಗಿ ಮೇಲೆ ನೋಡ್ದೆ. ನಕ್ಕೂ ಬಿಟ್ಟೆ. ಅಷ್ಟರಲ್ಲಿ ಪೈಪು ಬಂದು ಬಡೀತು. ಮೊದ್ಲು ಓಡಿ ಬಂದವ್ನೂ ಅವನೇ. ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಏನೇನೋ ಹೇಳ್ತಾ ಅತ್ತ. ಅದೂ ಅರ್ಥ ಆಗ್ಲಿಲ್ಲ. ಓಡು ಅಂದ್ನೋ, ನಿಲ್ಲು ಅಂದ್ನೋ, ಯಾಕೋ ಅಲ್ಲಿ ನಿಂತಿದೀಯ ಕತ್ತೆ ಅಂತ ಬೈದ್ನೋ. ರಾತ್ರಿ ಎಲ್ಲಾ ಅದೇ ಕಿವೀಲಿ. ಕಾಲು ಹೋಗಿದ್ದಕ್ಕಿಂತ ಅದೇ ಜಾಸ್ತಿ ತಿಂತದೆ ನನ್ನ.”

“ಹಂಗಾದ್ರೆ ಅವ್ನು ಕೂಗಿದ್ದನ್ನ ಹಂಗೇ ಕೂಗು. ನಾನು ಕೇಳ್ಕೊಂಡು ಬರ್ತೀನಿ.”

“ಆಗಲ್ಲ.”

“ಅಣ್ಣ. ಭಾವನೂ ನಿನ್ನ ಹಂಗೇ ನಗ್ತಾ ನೋಡ್ತಾನೆ.”

ಅಣ್ಣ ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕತ್ತಿನ ನರ ಉಬ್ಬಿತು. ಆಮೇಲೆ ಅವನ ಬಾಯಿಂದ ಬಂದದ್ದು ಅಣ್ಣನ ದನಿಯೇ ಅಲ್ಲ. ಎರಡೇ ತುಂಡಿನ ಕೂಗು. ಮೊದಲ ತುಂಡು ಗಂಟಲಿನ ತಳದಿಂದ ಕೆರೆದುಕೊಂಡು ಮೇಲೆ ಬಂತು, ಎರಡನೆಯದು ಹಲ್ಲಿಗೆ ಬಡಿದು ಅಲ್ಲೇ ಕಡಿದುಹೋಯಿತು. ಅಡುಗೆಮನೆಯಲ್ಲಿ ಅಕ್ಕನ ಕೈಯಿಂದ ಸೌಟು ಬಿತ್ತು. ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಯ ಕಡೆ ತಿರುಗಿದರು. ಅಣ್ಣನ ಎದೆಯೊಳಗೆ ಎಷ್ಟೋ ಕಾಲದಿಂದ ಬೇರೆ ಯಾರೋ ಒಬ್ಬ ಕೂತಿದ್ದು, ಈಗ ಬಾಯಿ ತೆರೆದ ಹಾಗಿತ್ತು.

“ಅಷ್ಟೇ,” ಅಂದ ಅಣ್ಣ, ಬೆವರು ಒರೆಸಿಕೊಂಡು. “ಇನ್ನು ಕೇಳ್ಬೇಡ.”

*

ಕೆಂಡ ಆ ಕೂಗನ್ನು ಬೆಂಕಿಯಂತೆ ಅಂಗೈಯಲ್ಲಿ ಹಿಡಿದುಕೊಂಡು ಕ್ಲಾಸಿಗೆ ಹೋದ. ಕಲಿಸುವವರು ಇಬ್ಬರು. ಆ ದೇಶದ ಭಾಷೆಯವನು ಟೈ ಕಟ್ಟಿದ ಒಬ್ಬ ಯುವಕ, ವಿಮಾನದ ಭಾಷೆಯವಳು ದೊಡ್ಡ ಕನ್ನಡಕದ ಹೆಂಗಸು. ಇಬ್ಬರೂ ವರಾಂಡದಲ್ಲಿ ನಿಂತಿದ್ದಾಗ ಕೆಂಡ ಗಂಟಲು ಸರಿಮಾಡಿಕೊಂಡು ಕೂಗಿಯೇಬಿಟ್ಟ.

ಹೆಂಗಸು ಕಿವಿ ಮುಚ್ಚಿಕೊಂಡಳು. ಟೈ ಕಟ್ಟಿದವನು ನಕ್ಕ. “ಇದು ನಮ್ಮ ಭಾಷೇದಲ್ಲ. ಭಾಷೆ ಥರಾನೇ ಇಲ್ಲ, ಗಂಟಲಲ್ಲಿ ಏನೋ ಸಿಕ್ಕೊಂಡಂಗಿದೆ.”

ಕೆಂಡನ ಕೈ ಮುಷ್ಟಿಯಾಯಿತು. ಭಾವ ತೋಳು ಹಿಡಿದುಕೊಂಡು ಒಳಗೆ ಎಳೆದುಕೊಂಡು ಹೋಗದಿದ್ದರೆ ಆ ಟೈ ಅವತ್ತು ಯಾವ ಕಡೆಗೆ ತಿರುಗುತ್ತಿತ್ತೋ. ಬೇರೆ ದಾರಿಯಿಲ್ಲದೆ ಆ ದೇಶದ ಭಾಷೆಗೇ ಹೆಸರು ಕೊಟ್ಟ. ರೈಲು ಎಷ್ಟು ಹೊತ್ತಿಗೆ, ಇದರ ಬೆಲೆ ಎಷ್ಟು, ನಿಮ್ಮನ್ನು ಭೇಟಿಯಾಗಿ ಸಂತೋಷವಾಯಿತು. ಸಂತೋಷವಂತೆ! ತಾನಾಗಿ ಕೇಳಿ ಕೇಳಿ, ಪೀಡಿಸಿ, ‘ಪಕ್ಕಕ್ಕೆ ಸರಿಯಿರಿ’ ಅನ್ನುವುದನ್ನು ಹೇಳಿಸಿಕೊಂಡ. ಸ್ನಾನಕ್ಕೆ ನಿಂತಾಗ, ಬಸ್ಸಿನಲ್ಲಿ ನೇತಾಡುವಾಗ, ಬಾಯಲ್ಲಿ ಅದನ್ನೇ ಉರು ಹೊಡೆದ. ಮನೆಗೆ ಬಂದರೆ ಅಣ್ಣ ಏನನ್ನೂ ಕೇಳುತ್ತಿರಲಿಲ್ಲ. ಆದರೆ ಬಾಗಿಲ ಸದ್ದಾದ ಕೂಡಲೆ ಅಣ್ಣನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತುಬಿಡುತ್ತಿತ್ತು. ಇನ್ನೂ ಗೊತ್ತಾಗಿಲ್ಲ ಅಂತ ಕೆಂಡ ತಲೆ ಅಲ್ಲಾಡಿಸಿದ ಮೇಲೆ ಮತ್ತೆ ತಿರುಗುತ್ತಿತ್ತು.

ಭಾವ ಮಾತ್ರ ಹಾಯಾಗಿದ್ದ. “ಲೋ ಕೆಂಡ, ನಂಗೆ ಟೀಗೆ ಸಕ್ಕರೆ ಕಮ್ಮಿ ಹಾಕಿ ಅನ್ನೋಕೂ ಬರುತ್ತೆ ಈಗ. ನಿಮ್ಮಕ್ಕಂಗೆ ಹೇಳಿದ್ರೆ ಇನ್ನೂ ಜಾಸ್ತಿ ಹಾಕ್ತಾಳೆ.”

“ನಗು ಭಾವ, ನಗು. ಅಲ್ಲಿ ಹೋಗಿ ಮೇಲೆ ನೋಡ್ಕೊಂಡು ನಗು.”

“ಯಾವಾಗ್ಲೂ ಅಪಶಕುನ ನುಡೀಬೇಡ್ವೋ. ನಿನ್ನ ಬಾಯಿಗೆ ಒಂದು ಚೂರು ಆ ಸಕ್ಕರೆನೇ ಹಾಕ್ಬೇಕು.”

*

ಹೊರಡುವ ಮುಂಚೆ ಕಂಪನಿಯ ಗೋದಾಮಿನ ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ಬೋಳು ಗೋಡೆಯೊಂದನ್ನು ಎಬ್ಬಿಸಿದ್ದರು, ಅದಕ್ಕೆ ಸಾರವೆ ಕಟ್ಟಿ ಬಿಚ್ಚಬೇಕು. ನಮ್ಮವರನ್ನೂ ನೀಲಿ ಮೇಲಂಗಿಯವರನ್ನೂ ಬೆರೆಸಿ ನಿಲ್ಲಿಸಿದರು. ಕೆಂಡ ಮೇಲೆ, ಭಾವ ಕೆಳಗೆ. ಭಾವನ ಜೊತೆಗೆ ಒಬ್ಬ ನೀಲಿಯವನು. ಅವತ್ತು ಮೆಟ್ಟಿಲ ಮೇಲೆ ಕಾಲು ಸರಿಸಿದ್ದನಲ್ಲ, ಕುಳ್ಳಗೆ, ಕಿವಿಯ ಹತ್ತಿರ ನರೆತವನು, ಅವನೇ.

ಭಾವ ಅವನಿಗೂ ತಮಾಷೆ ಹೇಳುತ್ತಿದ್ದ. ನೀಲಿಯವನು ಅರ್ಥವಾಗದೆ ತಲೆಯಾಡಿಸುತ್ತ ಬಗ್ಗಿ ಪೈಪಿನ ತಳ ನೋಡುತ್ತಿದ್ದ.

ಬಿಸಿಲಿಗೆ ಕಬ್ಬಿಣ ಕಾದಿತ್ತು. ಕೆಂಡನ ಅಂಗೈ ಬೆವರಿತ್ತು. ಅಡ್ಡಪೈಪನ್ನು ಒಂದು ಕೈಯಲ್ಲಿ ಆನಿಸಿ ಹಿಡಿದು ಇನ್ನೊಂದು ಕೈಯಿಂದ ಕ್ಲ್ಯಾಂಪಿನ ನಟ್ಟು ಸಡಿಲಿಸುತ್ತಿದ್ದ. ಇನ್ನೂ ಒಂದು ಸುತ್ತು ಉಳಿದಿದೆ ಅಂದುಕೊಂಡಿದ್ದ, ಉಳಿದಿರಲಿಲ್ಲ. ಕ್ಲ್ಯಾಂಪು ಬಾಯಿ ಬಿಟ್ಟಿತು. ಪೈಪು ಅಂಗೈಯನ್ನು ಸವರಿಕೊಂಡು, ಮೀನಿನ ಹಾಗೆ ನುಣುಚಿಕೊಂಡು ಹೊರಟಿತು.

ಕೂಗಬೇಕು.

ಬಾಯಿ ತೆರೆದಿತ್ತು. ಉರು ಹೊಡೆದ ಮಾತು ಗಂಟಲಿಗೆ ಬಂತು, ಹುಟ್ಟಿದಾಗಿನ ಮಾತೂ ಅದೇ ಹೊತ್ತಿಗೆ ಬಂತು. ಇಬ್ಬರು ದಢೂತಿಗಳು ಒಂದೇ ಬಾಗಿಲಿಗೆ ನುಗ್ಗಿದ ಹಾಗೆ ಎರಡೂ ಸಿಕ್ಕಿಕೊಂಡವು. ಕೆಂಡ ತನ್ನ ಗಂಟಲಲ್ಲಿ ಅವು ಒದ್ದಾಡುವುದನ್ನು ಕೇಳಿದ. ಕೆಳಗೆ ಭಾವನ ಹಳದಿ ಹೆಲ್ಮೆಟ್ಟು ಕಂಡಿತು. ಆಗ ಎರಡನ್ನೂ ತಳ್ಳಿಕೊಂಡು ಬೇರೆ ಯಾವುದೋ ಹೊರಬಿತ್ತು. ಗಂಟಲಿನ ತಳದಿಂದ ಕೆರೆದುಕೊಂಡು, ಹಲ್ಲಿಗೆ ಬಡಿದು.

ಅಣ್ಣನ ಕೂಗು.

ಭಾವ ತಲೆ ಎತ್ತಿದ. ಹೊರಗಡೆಗೆ ಒಂದು ಹೆಜ್ಜೆ ಇಟ್ಟು, ಮೇಲೆ ನೋಡಿ, ನಕ್ಕ.

ಆ ನಗುವನ್ನು ಕೆಂಡ ಸಾಯುವವರೆಗೂ ಮರೆಯಲಾರ. ಇಷ್ಟು ದಿನ ಕಣ್ಣು ಮುಚ್ಚಿದರೆ ಕಾಣುತ್ತಿದ್ದ ನಗು ಈಗ ಕಣ್ಣು ಬಿಟ್ಟರೂ ಅಲ್ಲೇ ಇತ್ತು. ತಾನೇ ಕೂಗಿ ಅವನನ್ನು ಪೈಪಿನ ಬಾಯಿಗೆ ಕರೆದಂತಾಗಿತ್ತು.

ಆದರೆ ನೀಲಿಯವನು ತಲೆ ಎತ್ತಲಿಲ್ಲ. ಯಾರು, ಏನು, ಎಲ್ಲಿಂದ ಅಂತ ನೋಡಲಿಲ್ಲ. ಕೂಗು ಕಿವಿಗೆ ಬಿದ್ದದ್ದೇ ತಡ, ಅವನ ಮೈ ಗೋಡೆಗೆ ಹಾರಿತು. ಹಾರುತ್ತಲೇ ಒಂದು ಕೈ ಭಾವನ ಕಾಲರಿಗೆ ಬಿತ್ತು. ಇಬ್ಬರೂ ಬೆನ್ನು ಗೋಡೆಗೆ ಬಡಿದುಕೊಂಡು ಹಲ್ಲಿಗಳ ಹಾಗೆ ಅಂಟಿದರು. ಭಾವ ನಕ್ಕ ಜಾಗದಲ್ಲಿ ಪೈಪು ಮೊದಲು ಮೊನೆ ಊರಿ, ಆಮೇಲೆ ಅಡ್ಡಡ್ಡ ಬಿದ್ದು, ಅಂಗಳವೆಲ್ಲ ಗುಂಯ್ ಅಂದಿತು.

ಕೆಂಡ ಇಳಿದದ್ದು ಹೇಗೋ ಅವನಿಗೇ ಗೊತ್ತಿಲ್ಲ. ನೀಲಿಯವನು ಎದುರಿಗೆ ಬಂದು ಕೈ ಬೀಸಿ ಬೀಸಿ ಬೈದ. ಯಾವ ಕ್ಲಾಸಿಗೂ ಹೋಗದೆ ಅರ್ಥವಾಗುವಂಥ ಬೈಗುಳ. ಬೈದು ಮುಗಿಸಿದ ಮೇಲೆ ಅವನ ಮುಖ ಬದಲಾಯಿತು. ಕೆಂಡನ ಬಾಯಿಯ ಕಡೆ ಬೆರಳು ತೋರಿಸಿ, ಹುಬ್ಬು ಏರಿಸಿದ. ಇದು ನಿನಗೆ ಎಲ್ಲಿಂದ ಬಂತು?

ಕೆಂಡ ತನ್ನ ಕಿವಿ ಮುಟ್ಟಿ ತೋರಿಸಿದ. ಅಂಗೈಯನ್ನು ಎತ್ತರದಿಂದ ಕೆಳಕ್ಕೆ ಬೀಳಿಸಿದ. ಸೊಂಟದ ಹತ್ತಿರ ಕೈಯನ್ನು ಕತ್ತಿಯ ಹಾಗೆ ಎಳೆದ. ನೀಲಿಯವನು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಆ ಕೂಗನ್ನು ತಾನೇ ಮೆಲ್ಲಗೆ ಹೇಳಿ, ಬೆನ್ನನ್ನು ಗೋಡೆಗೆ ಒತ್ತಿ ತೋರಿಸಿದ. ಮತ್ತೆ ಹೇಳಿದ, ಮತ್ತೆ ಒತ್ತಿದ. ಕೆಂಡ ಹೇಳಿದ. ಅವನು ತಲೆ ಅಲ್ಲಾಡಿಸಿ, ಹಲ್ಲಿನ ಹತ್ತಿರ ಬೆರಳಿಟ್ಟು, ಕೊನೆಯನ್ನು ಇನ್ನೂ ಚುರುಕಾಗಿ ಕಡಿಯಬೇಕೆಂದು ತೋರಿಸಿಕೊಟ್ಟ.

ಭಾವ ಅಲ್ಲೇ ಗೋಡೆಯ ಬುಡದಲ್ಲಿ ಕುಸಿದು ಕೂತಿದ್ದ. ತಮಾಷೆಯೆಲ್ಲ ಎಲ್ಲಿಗೆ ಹೋಗಿತ್ತೋ. “ಕೆಂಡ,” ಅಂದ, ಬಿದ್ದ ಪೈಪನ್ನೇ ನೋಡುತ್ತ. “ನಿಮ್ಮಕ್ಕಂಗೆ ಹೇಳ್ಬೇಡ್ವೋ.”

*

ಅಕ್ಕನಿಗೆ ಹೇಳದಿದ್ದರೂ ನಡೆಯುತ್ತಿತ್ತು. ಅಣ್ಣನಿಗೆ ಹೇಳದೆ ಇರುವ ಹಾಗಿರಲಿಲ್ಲ.

ಬಾಗಿಲ ಸದ್ದಿಗೆ ಅಣ್ಣನ ಸ್ಕ್ರೂಡ್ರೈವರ್ ನಿಂತಿತು. ಈ ಸಲ ಕೆಂಡ ತಲೆ ಅಲ್ಲಾಡಿಸಲಿಲ್ಲ. ಬೀಳುವ ಪೈಪಿಗಿಂತ ಹೆಚ್ಚಿನ ಹೆದರಿಕೆ ಈಗ, ಈ ಮೂರು ಹೆಜ್ಜೆಯ ಕೋಣೆಯಲ್ಲಿ.

“ಗೊತ್ತಾಯ್ತಾ?” ಅಂದ ಅಣ್ಣ. “ಏನಂದಿದ್ನಂತೆ?”

ಕೆಂಡ ಎದುರಿನ ಗೋಡೆಗೆ ಹೋಗಿ ಬೆನ್ನು ಒತ್ತಿ, ಎರಡೂ ಕೈ ಚಾಚಿ, ಅಂಟಿಕೊಂಡು ನಿಂತ.

ಅಣ್ಣ ನೋಡಿದ. “ಒಳಗಡೆಗಾ?”

“ಹೂಂ ಅಣ್ಣ. ಗೋಡೆಗೆ ಅಂಟ್ಕೋ ಅಂತ.”

“ನಾನು ಹೊರಗಡೆ ಬಗ್ಗಿದೆ.”

“ಹೂಂ.”

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಣ್ಣ ಮುಖವನ್ನು ಗೋಡೆಗೆ ತಿರುಗಿಸುತ್ತಾನೆ, ಇನ್ನು ಈ ಕಡೆಗೆ ತಿರುಗುವುದೇ ಇಲ್ಲ ಅಂತ ಕೆಂಡ ಕಾಯುತ್ತ ನಿಂತ. ಅಣ್ಣ ತಿರುಗಲಿಲ್ಲ. ಮಿಕ್ಸಿಯ ಒಡಲೊಳಗಿನ ತಾಮ್ರದ ಸುರುಳಿಯನ್ನು ಬೆರಳಲ್ಲಿ ಸವರುತ್ತ ಕೂತ.

“ಬೈದಿದ್ದಲ್ಲ ಹಂಗಾದ್ರೆ.”

“ಅಲ್ಲ.”

“ನನ್ನ ಉಳಿಸೋಕೇ ಕೂಗಿದ್ದ.” ಅಣ್ಣ ಮಿಕ್ಸಿಯನ್ನು ಪಕ್ಕಕ್ಕಿಟ್ಟ. “ಪಾಪ ಕಣೋ ಅವ್ನು. ಕೂಗಿದ್ದು ಕೇಳಿಸ್ಕೊಂಡೂ ಬಗ್ಗಿದ್ನಲ್ಲ ಈ ಮಾರಾಯ ಅಂತ ಎಷ್ಟು ಒದ್ದಾಡಿದ್ನೋ.”

ಮಾರನೆಯ ದಿನ ಕೆಂಡ ಏಜೆಂಟನ ಆಫೀಸಿಗೆ ಹೋಗಿ, ಆ ಕ್ಲಾಸಿನಿಂದ ನನ್ನ ಹೆಸರು ತೆಗೀರಿ ಅಂದ.

“ಹಾಗಾದ್ರೆ ಇನ್ನೊಂದಕ್ಕೆ ಹಾಕ್ಲಾ?” ಅಂದಳು ಮೇಡಂ.

“ಅದೂ ಬೇಡ. ಮೂರನೇದು.”

“ಮೂರನೇದು ಯಾವ್ದಪ್ಪಾ? ಹೆಸ್ರೇನು ಅದ್ರದ್ದು?”

ಹೆಸರು ಅವನಿಗೂ ಗೊತ್ತಿರಲಿಲ್ಲ. ಕಿಟಕಿಯಿಂದ ಹೊರಗೆ, ನೀಲಿಯವರು ಸಾಲಾಗಿ ಕೂತಿದ್ದ ಮೆಟ್ಟಿಲ ಕಡೆಗೆ ಬೆರಳು ತೋರಿಸಿದ. ಮೇಡಂ ಕತ್ತು ಉದ್ದ ಮಾಡಿ ನೋಡಿ, “ಅವ್ರ ಭಾಷೇನಾ? ಅದನ್ನ ಕಲ್ತು ಎಲ್ಲಿಗೆ ಹೋಗ್ತೀಯ?” ಅಂದಳು. ಕೆಂಡನಿಗೆ ನಾಲಗೆಯ ತುದಿಗೆ ಒಳ್ಳೆಯ ಉತ್ತರವೇ ಬಂದಿತ್ತು. ಅದನ್ನು ನುಂಗಿಕೊಂಡು ಹೊರಗೆ ಹೋಗಿ, ಆ ಸಾಲಿನ ಕೊನೆಗೆ ಕೂತ. ಕುಳ್ಳನೆಯವನು ಟೀ ಲೋಟ ಅವನ ಕಡೆ ಸರಿಸಿದ. ಕೆಂಡ ಪೈಪು ಜಾರುವುದನ್ನು ಕೈಯಲ್ಲಿ ತೋರಿಸಿ, ಇದಕ್ಕೇನಂತೀರಿ ಅಂತ ಹುಬ್ಬು ಏರಿಸಿದ. ಹಗ್ಗ ಕಿತ್ತುಹೋಗುವುದಕ್ಕೆ? ಕೈ ಬಿಡು ಅನ್ನುವುದಕ್ಕೆ? ಬಿಡಬೇಡ ಅನ್ನುವುದಕ್ಕೆ? ಒಂದೊಂದು ಮಾತು ಕಲಿತಾಗಲೂ ಅದರ ಹಿಂದೆ ಯಾರೋ ಒಬ್ಬ ಬಿದ್ದಿದ್ದಾನೆ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು. ಕಲಿತಷ್ಟೂ ಹೆದರಿಕೆ ಕಡಿಮೆಯಾಗಲಿಲ್ಲ. ಯಾವುದಕ್ಕೆ ಹೆದರಬೇಕು ಅನ್ನುವುದು ತಿಳಿಯಿತು.

ಮನೆಯಲ್ಲಿ ಪಾಠ ಹಿಡಿದವನು ಅಣ್ಣ. ಯಾವ ಹೊತ್ತಿಗೆ ಕೂಗುತ್ತಾನೋ ಹೇಳುವಂತಿರಲಿಲ್ಲ. ಭಾವ ಅನ್ನ ಕಲಸುತ್ತಿರುವಾಗ ಕೂಗುವನು, ಚಪ್ಪಲಿ ಬಿಡುತ್ತಿರುವಾಗ ಕೂಗುವನು. ಭಾವ ಮೊದಮೊದಲು ಹಲ್ಲು ಬಿಟ್ಟು ತಲೆ ಎತ್ತುತ್ತಿದ್ದ. “ಸತ್ತೆ ನೀನು,” ಅನ್ನುತ್ತಿದ್ದ ಅಣ್ಣ, ಒಂದು ಚೂರೂ ನಗದೆ. “ನಡಿ, ಇನ್ನೊಂದ್ಸಲ.” ಬರಬರುತ್ತ ಭಾವ ತಟ್ಟೆ ಹಿಡಿದುಕೊಂಡೇ ಗೋಡೆಗೆ ಹಾರತೊಡಗಿದ. ಅಕ್ಕನಿಗೂ ಅದು ಅಂಟಿಕೊಂಡಿತು. ಒಮ್ಮೆ ನೀರಿನ ಕೊಡದ ಸಮೇತ ಗೋಡೆಗೆ ಬಡಿದುಕೊಂಡು, ಅಲ್ಲೇ ನಿಂತು ಅಣ್ಣನಿಗೆ ವಾಚಾಮಗೋಚರ ಬೈದಳು. “ನಾನೆಲ್ಲಿಗೋ ಹೋಗ್ತಿದೀನಿ? ನನ್ನ ಯಾಕೋ ಸಾಯಿಸ್ತೀಯ?”

ಹೊರಡುವ ದಿನ ಬೆಳಿಗ್ಗೆ ಕೆಂಡ ಮಂಚದ ಪಕ್ಕ ಬಗ್ಗಿ ಚೀಲದ ಜಿಪ್ಪು ಎಳೆಯುತ್ತಿದ್ದ. ಜಿಪ್ಪು ಬಟ್ಟೆಗೆ ಸಿಕ್ಕಿಕೊಂಡಿತ್ತು, ಅವನ ತಲೆಯೆಲ್ಲ ಅಲ್ಲೇ. ಭಾವ ಬಾಗಿಲಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ. ಬೆನ್ನ ಹಿಂದೆ ಅಣ್ಣ ಕೂಗಿದ. ಯಾವತ್ತಿಗಿಂತ ಜೋರಾಗಿ, ಎದೆ ಬಿರಿಯುವ ಹಾಗೆ.

ಕೆಂಡ ಯೋಚಿಸಲಿಲ್ಲ. ಅವನ ಬೆನ್ನು ಗೋಡೆಗೆ ಬಡಿದ ಮೇಲೆಯೇ ಅವನಿಗೆ ಕೂಗು ಕೇಳಿಸಿತು. ಬಾಗಿಲ ಪಕ್ಕದ ಗೋಡೆಗೆ ಭಾವನೂ ಅಂಟಿದ್ದ, ಒಂದು ಕಾಲಿನ ಬೂಟು ಕೈಯಲ್ಲಿ, ಮುಖದಲ್ಲಿ ನಗುವಿನ ಗುರುತೂ ಇಲ್ಲ. ಇಬ್ಬರೂ ಏದುಸಿರು ಬಿಡುತ್ತ ಮಂಚದ ಕಡೆ ನೋಡಿದರು.

ಕೂಗಿದವನು ತಾನೇ ಆದರೂ, ಅಣ್ಣನ ಮೈ ಕೂಡ ಹಾರಿತ್ತು. ಹೊದಿಕೆಯ ಕೆಳಗಿನ ಕಾಲು ಇದ್ದಲ್ಲೇ ಇದ್ದವು. ಎದೆ, ಭುಜ, ಕೆನ್ನೆ, ಎರಡೂ ಅಂಗೈ ಗೋಡೆಗೆ ಒತ್ತಿಕೊಂಡಿದ್ದವು. ಹೊರಗೆ ಗಾಡಿ ಬಂದು ಹಾರನ್ ಹೊಡೆಯಿತು. ಅಣ್ಣ ಗೋಡೆ ಬಿಡಲಿಲ್ಲ.